ರೆಮಿಯವ್ವನ ಮುಂದಲೆ

ಶಾಕಿ
೧೧ ಜನವರಿ ೨೦೦೩

ಇಬಿದುನ್,

ಡ್ರೈವರ್ ಜಿಮೊ ಕೈಯಲ್ಲಿ ಒಂದು ಚೀಲ ಹೆಗ್ಗೆಣಸಿನ ಹಿಟ್ಟು ಕಳಿಸಿದ್ದೇನೆ. ಈ ವರ್ಷ ಒಣಗಾಳಿ ಚೆನ್ನಾಗಿ ಬೀಸಿತು. ಬಂಡೆಯ ಮೇಲೆ ಹರವಿದ ಹೋಳುಗಳು ಮೂಳೆಯ ಹಾಗೆ ಒಣಗಿದವು. ಅರ್ಧ ನಿನಗೆ, ಅರ್ಧ ನಿನ್ನ ಮೇಡಂಗೆ. ಅರ್ಧ ಎಂದರೆ ಅರ್ಧ. ಮೇಲಿಂದ ಒಂದು ಹಿಡಿ ತೆಗೆದು ಅವಳಿಗೆ ಕೊಟ್ಟು, ಮಿಕ್ಕಿದ್ದನ್ನೆಲ್ಲ ನೀನೇ ಅಮಾಲಾ ಮುದ್ದೆ ತಿರುವಿಕೊಂಡು ತಿನ್ನುವವಳೆಂದು ನನಗೆ ಗೊತ್ತು.

ಈಸ್ಟರ್ ಕಳೆದ ಮೇಲಿನ ಶನಿವಾರ ಬಿಡುಗಡೆ ಎಂದು ನೀನು ಬರೆದದ್ದನ್ನು ಓದಿದ್ದೇ ಓದಿದೆ. ಮೂರು ವರ್ಷ ಆ ಅಂಗಡಿಯಲ್ಲಿ ಸಂಬಳವಿಲ್ಲದೆ ನಿಂತು ಜಡೆ ಹೆಣೆಯುವುದನ್ನು ಕಲಿತೆ. ಆ ದಿನ ಮೇಡಂ ನಿನ್ನನ್ನು ಮಂಡಿಯೂರಿಸಿ ಬಾಚಣಿಗೆ, ಕತ್ತರಿ ಕೈಗಿಟ್ಟು, ಸಂಘದ ಅಧ್ಯಕ್ಷೆ ತಲೆ ಮುಟ್ಟಿ ಹರಸಿದರೆ ನೀನು ನಿನ್ನದೇ ಬೋರ್ಡು ಹಾಕಿಕೊಳ್ಳಬಹುದು. ಅದಿಲ್ಲದೆ ಎಷ್ಟು ಚಂದ ಹೆಣೆದರೂ ಸಂಘದವರು ಬಂದು ಬೆಂಚು ಎತ್ತಿಕೊಂಡು ಹೋಗುತ್ತಾರೆ. ಹಿಂದಿನ ಬೀದಿಯ ಹುಡುಗಿಗೆ ಆದದ್ದನ್ನು ಕಣ್ಣಾರೆ ಕಂಡಿದ್ದೇವೆ.

ಬಿಡುಗಡೆಯ ದಿನ ಬಂಧುಗಳೆಲ್ಲ ಒಂದೇ ಥರದ ಬಟ್ಟೆ ತೊಡುವುದೆಂದು ಆಗಿದೆ. ನಿನ್ನ ಚಿಕ್ಕಮ್ಮ ನೀಲಿ ಬೇಡ, ಈರುಳ್ಳಿ ಬಣ್ಣವೇ ಬೇಕೆಂದು ಹಟ ಹಿಡಿದಿದ್ದಾಳೆ. ‘ಬಿಡುಗಡೆ ಯಾರ್ದೇ, ನಿಂದೋ ನನ್ನ ಮಗಳದೋ?’ ಎಂದೆ. ‘ಫೋಟೋದಲ್ಲಿ ಮುಂದೆ ನಿಲ್ಲೋಳು ನಾನಲ್ವೇನಕ್ಕಾ?’ ಎಂದಳು.

ನಿನ್ನ ಕೈಯ ಬಗ್ಗೆ ನನಗೆ ಹೆದರಿಕೆಯಿಲ್ಲ. ಬಾಯಿಯ ಬಗ್ಗೆ ಇದೆ. ಅದು ನಿನ್ನಪ್ಪನ ಬಾಯಿ. ಹೊಗೆಸೊಪ್ಪು ಕೊಳ್ಳುವವರ ತಕ್ಕಡಿಯ ಮುಂದೆ ನಿಂತು ತೂಕ ಸುಳ್ಳು ಎಂದು ಕೂಗಿದ. ತೂಕ ಸುಳ್ಳೇ ಆಗಿತ್ತು. ಆಮೇಲೆ ಸಾಯುವ ತನಕ ಅವನ ಸೊಪ್ಪನ್ನು ಯಾರೂ ಕೊಳ್ಳಲಿಲ್ಲ. ಈಸ್ಟರ್ ತನಕ ಬಾಯಿಗೆ ಬೀಗ ಹಾಕಿಕೊ.

ನಿನ್ನ ಅವ್ವ
ಅಬಿಕೆ


ಇಬಾದಾನ್
೨ ಫೆಬ್ರವರಿ

ಅವ್ವಾ,

ಹಿಟ್ಟು ತಲುಪಿತು. ಸರಿಯಾಗಿ ಅರ್ಧಕ್ಕರ್ಧ ಹಂಚಿದೆ. ನನ್ನ ಜೊತೆ ಕಲಿಯುವ ಸಿಕಿರಾತ್ ಅದಕ್ಕೆ ಸಾಕ್ಷಿ.

ಬೀಗ ಮುರಿಯಿತು. ಬೇರೆಯವರ ಬಾಯಿಂದ ನೀನು ಕೇಳುವ ಮುಂಚೆ ನಾನೇ ಬರೆಯುತ್ತೇನೆ.

ನಮ್ಮ ಸಂಘದ ಅಧ್ಯಕ್ಷೆ ರೆಮಿಯವ್ವ. ಅವಳ ನೆರಳು ಕಂಡರೂ ಮೇಡಂ ಮಂಡಿಯೂರುತ್ತಾಳೆ. ಮೊನ್ನೆ ಅವಳು ಸೊಂಟ ಮುಟ್ಟುವಷ್ಟು ಉದ್ದದ ನಿಜಕೂದಲ ಚೌರಿ ತಂದಳು, ತಲೆ ತುಂಬ ಸಣ್ಣ ಜಡೆ ಹಾಕಿಸಿಕೊಳ್ಳಲು. ಇದು ನೈಲಾನ್ ಚೌರಿಯಂತಲ್ಲ ಅವ್ವಾ. ನೈಲಾನ್ ಒರಟು, ನಮ್ಮ ಕೂದಲನ್ನು ಕಚ್ಚಿ ಹಿಡಿಯುತ್ತದೆ, ತುದಿಯನ್ನು ಕುದಿನೀರಿಗೆ ಅದ್ದಿದರೆ ಬಿಚ್ಚಿಕೊಳ್ಳುವುದಿಲ್ಲ. ನಿಜಕೂದಲು ಮೀನಿನ ಹಾಗೆ ಜಾರುತ್ತದೆ. ಬುಡದಲ್ಲಿ ಅವರವರ ಕೂದಲಿನಿಂದಲೇ ಹೆಣಿಗೆ ಶುರುಮಾಡಿ, ಚೌರಿಯನ್ನು ಎಳೆ ಎಳೆಯಾಗಿ ಸೇರಿಸುತ್ತ ಹೋಗಬೇಕು. ಜೊತೆಗೆ ಚಿಟಿಕೆಯಷ್ಟು ನೈಲಾನ್ ಬೆರೆಸಿದರೆ ಹಿಡಿತ ಸಿಗುತ್ತದೆ. ಅದಕ್ಕೆ ಹೊತ್ತು ಬೇಕು, ತಾಳ್ಮೆ ಬೇಕು. ಅವೆರಡೂ ಇಲ್ಲದವರು ಎಳೆಯುತ್ತಾರೆ. ಹೋತವನ್ನು ಗೂಟಕ್ಕೆ ಬಿಗಿದ ಹಾಗೆ ಬುಡವನ್ನು ಬಿಗಿಯುತ್ತಾರೆ.

ನಮ್ಮ ಅಂಗಡಿ ಹೆಸರು ಮಾಡಿರುವುದೇ ಆ ಬಿಗಿಗೆ. ಹುಬ್ಬು ಮೇಲೇರಬೇಕು. ರಾತ್ರಿ ದಿಂಬಿಗೆ ತಲೆಯಿಡಲು ಆಗಬಾರದು. ಆಗ ಜಡೆ ಚೆನ್ನಾಗಿ ಬಂದಿದೆ ಎಂದು ಅರ್ಥವಂತೆ. ‘ಅಯ್ಯೋ, ಮೂರು ದಿನ ಮಾತ್ರೆ ನುಂಗಿದೆ ಕಣೆ’ ಎಂದು ಹೆಂಗಸರು ಒಬ್ಬರಿಗೊಬ್ಬರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹೆಣ್ಣಿಗೆ ನೋವಾದರೇ ಚಂದ ಎಂದು ನಮ್ಮ ತಲೆಗೆ ತುಂಬಿದವರು ಯಾರೋ, ಅವರ ಕೈ ಸೇದಿಹೋಗಲಿ.

ರೆಮಿಯವ್ವ ತಲೆವಸ್ತ್ರ ಬಿಚ್ಚಿದಳು. ಹಣೆಯಂಚಿನಲ್ಲಿ ಕೂದಲಿರಲಿಲ್ಲ. ಎರಡೂ ಕಿವಿಗಳ ಮೇಲೆ ಚರ್ಮ ಬೋಳಾಗಿ, ಎಣ್ಣೆ ಸವರಿದ ಬೋಗುಣಿಯಂತೆ ಹೊಳೆಯುತ್ತಿತ್ತು. ಅದರ ಹಿಂದೆ ಉಳಿದಿದ್ದ ಕೂದಲ ಬುಡದಲ್ಲೆಲ್ಲ ಕೀವಿನ ಗುಳ್ಳೆ.

‘ಏನೇ ಹಂಗೆ ನೋಡ್ತಿದೀಯ? ಮುಂದಲೆಯಿಂದ ಶುರು ಮಾಡು. ಹಿಂದಿಂದ ಎಳೆದು ಬೋಳು ಮುಚ್ಚು.’

‘ಅಮ್ಮಾ, ಎಳೆಯೋಕೆ ಇಲ್ಲಿ ಏನೂ ಉಳಿದಿಲ್ಲ.’

ಅಂಗಡಿಯಲ್ಲಿ ಎಲ್ಲರ ಕೈ ನಿಂತಿತು.

‘ಏನಂದೆ?’

‘ಈ ಭಾರ ನೇತುಹಾಕಿದ್ರೆ ಉಳಿದಿದ್ದೂ ಬೇರು ಸಮೇತ ಬರುತ್ತೆ. ಗುಳ್ಳೆ ಮಾಗ್ಲಿ. ಆಮೇಲೆ ಮುಂದಲೆ ಬಿಟ್ಟು ಹಿಂದೆ ಮಾತ್ರ, ಸಡಿಲವಾಗಿ, ಹಗುರ ಚೌರಿ ಹಾಕ್ತೀನಿ. ಇವತ್ತು ಎಳೆದ್ರೆ ಮುಂದೆ ಅಲ್ಲಿ ಹುಲ್ಲೂ ಹುಟ್ಟಲ್ಲ.’

ಹುಲ್ಲು ಎಂದದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಸಿಕಿರಾತ್ ಕಿಸಕ್ಕನೆ ನಕ್ಕಳು. ಆ ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಮೇಡಂ ನನ್ನ ಕೈಯಿಂದ ಬಾಚಣಿಗೆ ಕಿತ್ತುಕೊಂಡು ತಾನೇ ಹೆಣೆಯಲು ನಿಂತಳು. ಎಳೆದಳು, ಬಿಗಿದಳು. ರೆಮಿಯವ್ವನ ಕಣ್ಣಿಂದ ನೀರು ಸುರಿಯುತ್ತಿತ್ತು, ಬಾಯಿ ಮಾತ್ರ ‘ಚೆನ್ನಾಗಿ ಬರ್ತಿದೆ, ಚೆನ್ನಾಗಿ ಬರ್ತಿದೆ’ ಎನ್ನುತ್ತಿತ್ತು.

ಎದ್ದು ಹೋಗುವಾಗ ನೆಲದ ಮೇಲೆ ಉದುರಿದ್ದ ತನ್ನ ಕೂದಲನ್ನು ಹುಡುಕಿ ಆಯ್ದು ಕಾಗದದಲ್ಲಿ ಕಟ್ಟಿಕೊಂಡಳು. ಎಲ್ಲರೂ ಹಾಗೇ ಮಾಡುತ್ತಾರಲ್ಲ, ಒಂದೆಳೆ ಶತ್ರುವಿನ ಕೈಗೆ ಸಿಕ್ಕರೆ ಮಾಟ ಮಾಡಿಸಿಯಾರೆಂದು. ಹಾಗೆ ಹೆದರುವವರು ತಲೆ ತುಂಬ ಹೊತ್ತು ನಡೆಯುವುದು ಹೆಸರೂ ಗೊತ್ತಿಲ್ಲದ ಇನ್ನೊಬ್ಬಳ ಕೂದಲನ್ನು. ಇಂಡಿಯಾದಿಂದ ಬರುತ್ತದಂತೆ. ಅಲ್ಲಿ ಹೆಂಗಸರು ದೇವರಿಗೆಂದು ತಲೆ ಬೋಳಿಸಿಕೊಳ್ಳುತ್ತಾರಂತೆ, ಅದು ದೇವರಿಂದ ವ್ಯಾಪಾರಿಗೆ ದಾಟುತ್ತದಂತೆ. ಆ ಕೂದಲಲ್ಲಿ ದೆವ್ವವಿದೆ ಎಂದು ನಮ್ಮ ಬೀದಿಯ ಪಾದ್ರಿ ಮೈಕಿನಲ್ಲಿ ಕಿರುಚುತ್ತಾನೆ. ನನ್ನ ಕೈಗೆ ದೆವ್ವ ಸಿಕ್ಕಿಲ್ಲ. ಅಲ್ಲೊಬ್ಬಳ ತಲೆ ಬೋಳು, ಇಲ್ಲೊಬ್ಬಳ ಮುಂದಲೆ ಬೋಳು, ನಡುವೆ ಹೊಟ್ಟೆ ತುಂಬಿಸಿಕೊಂಡವನು ಯಾರು ಎಂಬುದನ್ನು ಆ ಪಾದ್ರಿ ಒಂದು ದಿನವೂ ಕೇಳಲಿಲ್ಲ.

ಮೇಡಂ ಸಂಜೆ ನನ್ನನ್ನು ಕರೆದು ಹೇಳಿದಳು: ‘ಅವರ ಕಾಲು ಹಿಡಿಯೋ ತನಕ ಈಸ್ಟರ್ ಬಿಡುಗಡೆ ಅನ್ನೋದನ್ನ ಮರೆತುಬಿಡು.’

ನಿನ್ನ ಮಗಳು
ಇಬಿದುನ್


ಶಾಕಿ
೯ ಫೆಬ್ರವರಿ

ಇಬಿದುನ್,

ಹುಲ್ಲು! ಅಧ್ಯಕ್ಷೆಯ ತಲೆಯ ಮೇಲೆ ಹುಲ್ಲು! ಓದುತ್ತ ನಕ್ಕುಬಿಟ್ಟೆ. ಆಮೇಲೆ ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಹೋಗಿ ಕಾಲು ಹಿಡಿ. ಬೆಳಗಾದರೆ ಕಂಡಕಂಡ ಹಿರಿಯರಿಗೆಲ್ಲ ಮಂಡಿಯೂರುವ ಜನ ನಾವು, ಇನ್ನೊಂದು ಸಲ ಊರಿದರೆ ಮಂಡಿಯೇನು ಸವೆಯುವುದಿಲ್ಲ. ತಲೆ ಅವಳದು, ಕೂದಲು ಅವಳದು, ದುಡ್ಡೂ ಅವಳದು. ಬೋಳಾಗಬೇಕೆಂದು ಅವಳೇ ಕುರ್ಚಿಯಲ್ಲಿ ಬಂದು ಕುಳಿತರೆ ನಿನಗೇನು ಕಷ್ಟ? ನನ್ನ ಹತ್ತಿರ ಹಿಟ್ಟು ಕೊಂಡವಳು ಅದನ್ನು ನೀರುನೀರು ಮಾಡಿ ತಿರುವಿದರೆ ನಾನು ಅವಳ ಮನೆಗೆ ಹೋಗಿ ಜಗಳ ಆಡುತ್ತೇನೆಯೇ?

ಗೆಣಸು ಕೊಯ್ದು ಕೊಯ್ದು ನನ್ನ ಹೆಬ್ಬೆರಳು ಸೀಳಿದೆ. ಒಣಗಾಳಿಯಲ್ಲಿ ರಾತ್ರಿಯೆಲ್ಲ ಉರಿಯುತ್ತದೆ. ಈ ಕೆಲಸ ನನ್ನ ಕೈಯಲ್ಲೇ ಮುಗಿಯಲಿ ಎಂದು ನಿನ್ನನ್ನು ಅಲ್ಲಿ ಬಿಟ್ಟೆ. ತಪ್ಪಾಯ್ತು ಅನ್ನು, ಬಾಚಣಿಗೆ ತೆಗೆದುಕೊ, ಹೊರಗೆ ಬಾ. ಆಮೇಲೆ ನಿನ್ನ ಅಂಗಡಿಯಲ್ಲಿ ನಿನಗೆ ಬೇಕಾದಷ್ಟು ಸಡಿಲವಾಗಿ ಹೆಣೆ.

ಅವ್ವ


ಇಬಾದಾನ್
೨೩ ಫೆಬ್ರವರಿ

ಅವ್ವಾ,

ಹೋದೆ. ನೀನು ಹೇಳಿದ್ದಕ್ಕೇ ಹೋದೆ. ರೆಮಿಯವ್ವನ ಮನೆಯ ನಡುಮನೆಯಲ್ಲಿ ಮಂಡಿಯೂರಿದೆ. ಅವಳು ಟಿ.ವಿ. ನೋಡುತ್ತಿದ್ದಳು. ಬಿಗಿದ ಜಡೆಗಳ ಮೇಲೆ ಬಿಗಿದ ತಲೆವಸ್ತ್ರ, ಕಣ್ಣುಗಳು ಮೇಲಕ್ಕೆ ಎಳೆದುಕೊಂಡು ನಿದ್ದೆಗೆಟ್ಟವಳ ಹಾಗಿದ್ದವು.

‘ಹೇಳು’ ಎಂದಳು.

‘ಜನ ನಗೋ ಹಂಗೆ ಮಾತಾಡಿದ್ದು ತಪ್ಪಾಯ್ತು ಅಮ್ಮಾ. ಎಲ್ಲರೆದುರು ಹೇಳಿದ್ದೂ ತಪ್ಪಾಯ್ತು. ಪಕ್ಕಕ್ಕೆ ಕರೆದು ಹೇಳ್ಬೇಕಿತ್ತು.’

‘ಮತ್ತೆ?’

‘ಅಷ್ಟೇ ಅಮ್ಮಾ.’

‘ನನ್ನ ತಲೆ ಬಗ್ಗೆ ಆಡಿದ ಮಾತು ಸುಳ್ಳು ಅನ್ನು.’

ಅನ್ನಬಹುದಿತ್ತು ಅವ್ವಾ, ಬಾಯಿ ಬರಲಿಲ್ಲ. ‘ಸುಳ್ಳು ಅಂದ್ರೆ ಗುಳ್ಳೆ ಮಾಗುತ್ತಾ ಅಮ್ಮಾ?’ ಎಂದೆ. ಟಿ.ವಿ.ಯ ಸದ್ದು ಜೋರು ಮಾಡಿ ನನ್ನನ್ನು ಹಾಗೆಯೇ ಬಿಟ್ಟಳು. ಧಾರಾವಾಹಿ ಮುಗಿದು ಇನ್ನೊಂದು ಶುರುವಾಯಿತು. ಕೆಲಸದವಳು ಬಂದು ‘ಏಳಮ್ಮಾ, ಅವರು ಮಲಗೋಕೆ ಹೋದ್ರು’ ಎಂದಾಗ ಎದ್ದೆ.

ನನ್ನ ಕೈ ಈಗ ಯಾರ ತಲೆಯನ್ನೂ ಮುಟ್ಟುವಂತಿಲ್ಲ. ನೆಲ ಗುಡಿಸಬೇಕು, ನೀರು ಹೊರಬೇಕು. ಹೊಸದಾಗಿ ಸೇರಿದ ಹುಡುಗಿಯರು ನನ್ನನ್ನು ಅಕ್ಕಾ ಎನ್ನುವುದನ್ನೂ ನಿಲ್ಲಿಸಿದ್ದಾರೆ. ಬಟ್ಟೆ ಹೊಲಿಸಬೇಡ ಎಂದು ಚಿಕ್ಕಮ್ಮನಿಗೆ ಹೇಳು.

ಇಬಿದುನ್


ಇಬಾದಾನ್
೧೭ ಮಾರ್ಚ್

ಅವ್ವಾ,

ನೀನು ಬರುತ್ತೀಯೆಂದು ಒಂದು ಮಾತು ಹೇಳಲಿಲ್ಲ.

ನಾನು ನೀರಿಗೆ ಹೋಗಿದ್ದೆ. ತಿರುಗಿ ಬಂದಾಗ ನೀನು ಅಂಗಡಿಯ ನೆಲದ ಮೇಲೆ ಮಂಡಿಯೂರಿದ್ದೆ. ಆ ನೆಲವನ್ನು ಅಂದು ಇನ್ನೂ ಗುಡಿಸಿರಲಿಲ್ಲ. ಚರ್ಚಿಗೆ ಮಾತ್ರ ಉಡುವ ನಿನ್ನ ಬಟ್ಟೆಗೆ ಯಾರ್ಯಾರದೋ ಕೂದಲು ಮೆತ್ತಿಕೊಂಡಿತ್ತು. ಹಿಟ್ಟಿನ ಚೀಲ ಪಕ್ಕದಲ್ಲಿತ್ತು. ಮೇಡಂ ನಿಂತಿದ್ದಳು, ರೆಮಿಯವ್ವ ಕುರ್ಚಿಯಲ್ಲಿ ಕುಳಿತಿದ್ದಳು. ನೀನು ‘ಅವಳು ಹುಡುಗಿ, ತಂದೆಯಿಲ್ಲದೆ ಬೆಳೆದೋಳು, ನನ್ನ ಮುಖ ನೋಡಿ ಬಿಟ್ಟುಬಿಡಿ’ ಎನ್ನುತ್ತಿದ್ದೆ. ಮಕ್ಕಳು ತಪ್ಪು ಮಾಡಿದರೆ ಹಿರಿಯರು ಹೋಗಿ ಬೇಡುವುದು ನಮ್ಮಲ್ಲಿ ನಡೆದುಬಂದದ್ದೇ. ಆದರೆ ತಪ್ಪು ಮಾಡಿದವರು ಯಾರೆಂದು ಒಂದು ಸಲ ಕೇಳುವುದು ಯಾಕೆ ನಡೆದುಬರಲಿಲ್ಲ?

‘ನೀವು ಹಿರಿಯರು ಮಂಡಿಯೂರಿದ ಮೇಲೆ ನಾವು ಕಲ್ಲೇನಲ್ಲ’ ಎಂದಳು ಮೇಡಂ. ‘ಶನಿವಾರ ಇಬಿದುನ್ ಇವರ ಜಡೆ ಬಿಚ್ಚಿ ಹೊಸದಾಗಿ ಹಾಕ್ಲಿ. ಇವರು ಹೇಳ್ದಂಗೆ. ಈಸ್ಟರ್‌ಗೆ ಬಿಡುಗಡೆ ಕೊಡ್ತೀನಿ.’

ಬಸ್ ನಿಲ್ದಾಣದ ತನಕ ನೀನು ಒಂದೇ ಮಾತು ಆಡಿದೆ. ‘ಮಾಡ್ತೀಯ ತಾನೆ?’ ನಾನು ಸುಮ್ಮನಿದ್ದೆ. ನೀನು ಅದನ್ನು ಹೂಂ ಎಂದುಕೊಂಡು ಬಸ್ಸು ಹತ್ತಿದೆ.

ಶನಿವಾರ ಬಿಚ್ಚಲು ಕುಳಿತೆ. ಕಿವಿಯ ಹತ್ತಿರದ ಮೊದಲ ಜಡೆ ನಾನು ಬಿಚ್ಚುವ ಮುಂಚೆಯೇ ಕೈಗೆ ಬಂತು, ಇಡಿಯಾಗಿ, ಬುಡದಲ್ಲಿ ಚರ್ಮದ ಹೊಟ್ಟು, ಸ್ವಲ್ಪ ರಕ್ತ. ಅವಳು ಅಮ್ಮಾ ಎಂದು ಕೂಗಿಕೊಳ್ಳಲಿಲ್ಲ. ‘ಹೊಸದು ಹಾಕು’ ಎಂದಳು. ನಿನ್ನ ಬಟ್ಟೆಗೆ ಮೆತ್ತಿದ್ದ ಕೂದಲು ಕಣ್ಣಿಗೆ ಕಟ್ಟಿತು. ನಿನಗಾಗಿ ಹಾಕಿಬಿಡೋಣ ಎಂದು ಬಾಚಣಿಗೆಯ ಬಾಲದಿಂದ ಬೈತಲೆಯನ್ನೂ ತೆಗೆದೆ. ಆಮೇಲೆ ಬಾಚಣಿಗೆಯನ್ನು ಕನ್ನಡಿಯ ಮುಂದಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಬಂದೆ. ತಿರುಗಿ ಹೋಗಿಲ್ಲ.

ನಿನ್ನ ಬೇಡಿಕೆಯನ್ನು ಮಣ್ಣುಪಾಲು ಮಾಡಿದೆ. ಅದಕ್ಕೆ ಬೇಕಾದಷ್ಟು ಬೈಯಿ. ಆದರೆ ಹೋಗಿ ಬೇಡು ಎಂದು ನಿನಗೆ ನಾನು ಹೇಳಿದ್ದೆನೇ?

ಇಬಿದುನ್


ಶಾಕಿ
೧೧ ಮೇ

ಇಬಿದುನ್,

ಮಳೆ ಹಿಡಿದಿದೆ. ಗೆಣಸಿನ ದಿಬ್ಬಗಳನ್ನು ಏರಿಸಿಯಾಯಿತು. ನಿನ್ನ ಚಿಕ್ಕಮ್ಮ ಈರುಳ್ಳಿ ಬಣ್ಣದ ಬಟ್ಟೆ ಹೊಲಿಸಿಯೇ ಬಿಟ್ಟಿದ್ದಳು. ಈಸ್ಟರ್‌ಗೆ ಒಬ್ಬಳೇ ಉಟ್ಟುಕೊಂಡು ಚರ್ಚಿಗೆ ಬಂದಳು. ಇದೇನು ವಿಶೇಷ ಎಂದು ಕೇಳಿದವರಿಗೆಲ್ಲ ‘ಏನೂ ಇಲ್ಲ, ಚಂದ ಇದೆ ಅಂತ’ ಎಂದಳು. ಅವಳ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಹೋಯಿತು.

ನೀನು ಬರೆದ ಕಾಗದಕ್ಕೆ ಉತ್ತರ ಬರೆಯಲು ಕುಳಿತು ಕುಳಿತು ಎದ್ದಿದ್ದೇನೆ.

ಕುರ್ಚಿಯಲ್ಲಿ ಕುಳಿತವಳ ತಲೆವಸ್ತ್ರ ನಿಂತವರಿಗೆ ಮೇಲಿನಿಂದ ಚಂದ ಕಾಣುತ್ತದೆ. ಅಂದು ಅಂಗಡಿಯಲ್ಲಿ ನಾನು ನೆಲದಲ್ಲಿದ್ದೆ, ರೆಮಿಯವ್ವನ ತಲೆವಸ್ತ್ರದ ಅಂಚಿನ ಒಳಗೆ ಕಾಣುತ್ತಿತ್ತು. ಕಿವಿಯ ಮೇಲೆ ಹಸಿ ಗಾಯ. ಒಂದು ನೊಣ ಬಂದು ಕುಳಿತಿತು. ಅವಳು ಓಡಿಸಲಿಲ್ಲ. ಮುಟ್ಟಿಕೊಂಡರೆ ಜೀವ ಹೋಗುವಷ್ಟು ನೋವೆಂದು ನನಗೆ ತಿಳಿಯಿತು. ನೊಣ ಅಲ್ಲೇ ನಡೆದಾಡುತ್ತಿತ್ತು, ಅವಳು ನನ್ನ ಕಡೆ ನೋಡುತ್ತ ನಗುತ್ತಿದ್ದಳು.

ನೀನು ಹೇಳಿದ್ದು ನಿಜವೆಂದು ಆಗ ಕಂಡೆ. ಕಂಡ ಮೇಲೂ ಬೇಡಿದೆ. ಬಸ್ ನಿಲ್ದಾಣದ ತನಕ ನಡೆಯುವಾಗ ಇದನ್ನು ಹೇಳಬಹುದಿತ್ತು. ಅದರ ಬದಲು ಮಾಡ್ತೀಯ ತಾನೆ ಎಂದು ಕೇಳಿದೆ.

ಎಲ್ಲಿ ಮಲಗುತ್ತೀಯ? ಏನು ತಿನ್ನುತ್ತೀಯ? ಬರೆ.

ಅವ್ವ


ಇಬಾದಾನ್
೮ ಜೂನ್

ಅವ್ವಾ,

ಸಿಟ್ಟಿನಲ್ಲಿದ್ದೀಯೆಂದು ನಾನೂ ಬರೆದಿರಲಿಲ್ಲ. ಸಿಕಿರಾತ್ ತಂದುಕೊಟ್ಟ ನಿನ್ನ ಕಾಗದದಲ್ಲಿ ಆ ನೊಣದ ಸಾಲುಗಳನ್ನು ಮತ್ತೆ ಮತ್ತೆ ಓದಿದೆ.

ನನಗೆ ಜಾಗ ಸಿಕ್ಕಿದೆ. ಅಕಾರಾ ವಡೆ ಕರಿದು ಮಾರುವ ರಾಮೊತಾ ಎಂಬುವಳ ಮನೆಯ ಹಿಂದಿನ ಕೋಣೆ. ಮುಂದಿನ ಜಗಲಿಯ ಮೇಲೆ ಒಂದು ಬೆಂಚು ಹಾಕಿಕೊಂಡಿದ್ದೇನೆ. ಬೋರ್ಡಿಲ್ಲ. ಸಂತೆಯ ಹೆಂಗಸರು ಬರುತ್ತಾರೆ, ಹೆಚ್ಚಿನವರಿಗೆ ನೈಲಾನ್ ಚೌರಿ. ಮೊನ್ನೆ ಬಟ್ಟೆ ವ್ಯಾಪಾರದವಳೊಬ್ಬಳು ನಿಜಕೂದಲ ಜಡೆಯನ್ನು ನಾಲ್ಕು ತಿಂಗಳು ಬಿಚ್ಚದೆ, ಮನೆಯಲ್ಲಿ ಬಿಚ್ಚಿದವಳೇ ನೇರ ನೀರು ಸುರಿದುಕೊಂಡು, ಕೂದಲೆಲ್ಲ ಕಂಬಳಿಯಂತೆ ಗಂಟಾಗಿ ಅಳುತ್ತ ಬಂದಳು. ‘ಬಿಚ್ಚಿದ ಮೇಲೆ ಬುಡದ ಕೊಳೆಯನ್ನ, ಉದುರಿದ ಕೂದಲನ್ನ ಬೆರಳಲ್ಲಿ ಬಿಡಿಸಿ, ಬಾಚಿ, ಆಮೇಲೆ ನೀರು ಕಣಕ್ಕಾ. ಎರಡು ತಿಂಗಳ ಮೇಲೆ ಒಂದು ದಿನವೂ ಇಡಬಾರದು’ ಎಂದೆ. ‘ದುಡ್ಡು ಕೊಟ್ಟಿದ್ದು ನಾಲ್ಕು ತಿಂಗಳಿಗೆ!’ ಎಂದಳು. ಎರಡು ದಿನ ಕುಳಿತು ಬಿಡಿಸಿದೆ. ಅವಳ ಚೌರಿಯನ್ನೂ ತೊಳೆದು, ನೆರಳಲ್ಲಿ ಒಣಗಿಸಿ, ಕಟ್ಟಿಕೊಟ್ಟೆ. ಇನ್ನೂ ಮೂರು ಸಲ ಹಾಕಿಕೊಳ್ಳಬಹುದು.

ಇನ್ನು ಮುಖ್ಯ ವಿಷಯ. ಈಸ್ಟರ್ ಆದ ಮೇಲೆ ಒಂದು ಮಧ್ಯಾಹ್ನ, ಬಿಸಿಲಿಗೆ ಬೀದಿಯಲ್ಲಿ ನಾಯಿಯೂ ಇಲ್ಲದ ಹೊತ್ತಿನಲ್ಲಿ, ಹಿಂಬಾಗಿಲು ತಟ್ಟಿದ ಸದ್ದಾಯಿತು. ರೆಮಿಯವ್ವ. ಒಳಗೆ ಬಂದು, ಬಾಗಿಲು ಹಾಕು ಎಂದು ಸನ್ನೆ ಮಾಡಿ, ತಲೆವಸ್ತ್ರ ಬಿಚ್ಚಿ ನನ್ನ ಹಾಸಿಗೆಯ ಮೇಲೆ ಕುಳಿತಳು. ‘ನೋಡು’ ಎಂದಳು. ನೋಡುವಂತಿರಲಿಲ್ಲ. ಜಡೆ ಬಿಚ್ಚಿದೆ, ಆಸ್ಪತ್ರೆಗೆ ಹೋಗಿ ಗಾಯಕ್ಕೆ ಔಷಧಿ ಬರೆಸಿಕೊಂಡು ಬನ್ನಿ ಎಂದೆ. ಹೋಗಿ ಬಂದಳು. ಆಮೇಲೆ ಪ್ರತಿ ವಾರ ಬರುತ್ತಾಳೆ. ಉಗುರು ಸೋಂಕದಂತೆ ಕರಿಸೋಪಿನ ನೀರಲ್ಲಿ ತೊಳೆದು, ಚೆನ್ನಾಗಿ ಆರಿಸಿ, ತೆಳ್ಳಗೆ ಶಿಯಾ ಬೀಜದ ಬೆಣ್ಣೆ ಸವರುತ್ತೇನೆ. ಗಾಯ ಮಾಗಿತು. ಕಿವಿಯ ಮೇಲೆ ಬೂದಿ ಚೆಲ್ಲಿದ ಹಾಗೆ ನವಿರಾದ ಕೂದಲು ಬಂದಿದೆ. ಕನ್ನಡಿ ಹಿಡಿದಾಗ ಅವಳು ಅದನ್ನು ಮುಟ್ಟಲು ಹೋಗಿ, ಮುಟ್ಟದೆ ಕೈ ಹಿಂದಕ್ಕೆ ತೆಗೆದುಕೊಂಡಳು.

‘ನಾನು ಇಲ್ಲಿಗೆ ಬರೋದು ಯಾರ ಕಿವಿಗೂ ಬೀಳ್ಕೂಡದು’ ಎನ್ನುತ್ತಾಳೆ ಪ್ರತಿ ಸಲವೂ.

ಹೀಗೆ ಹೇಳಿ ಹೋದ ವಾರವೇ ಸಂಘದ ಸಭೆಯಲ್ಲಿ ಎದ್ದು ನಿಂತು, ಬಿಡುಗಡೆಯಿಲ್ಲದೆ ಬೆಂಚು ಹಾಕಿದವರನ್ನು ಎಬ್ಬಿಸಬೇಕು ಎಂದು ನನ್ನ ಹೆಸರು ಹೇಳಿದ್ದಾಳೆ. ಸಿಕಿರಾತ್ ಬಂದು ತಿಳಿಸಿದಳು. ಮಧ್ಯಾಹ್ನ ನನ್ನ ಕೈಗೆ ತಲೆ ಕೊಡುತ್ತಾಳೆ, ಸಂಜೆ ನನ್ನ ಅನ್ನಕ್ಕೆ ಕಲ್ಲು ಹಾಕುತ್ತಾಳೆ. ನಮ್ಮನ್ನು ಆಳುವವರೆಲ್ಲ ಹೀಗೆಯೇ ಇರಬೇಕು. ನಮ್ಮ ಕೈ ಬೇಕು, ನಮ್ಮ ಹೆಸರು ಬೇಡ.

ಅರ್ಧ ಮಾಗಿದ ತಲೆಯನ್ನು ಬಿಟ್ಟುಬಿಡಲು ಮನಸ್ಸು ಬರುತ್ತಿಲ್ಲ. ಅವಳಿಗೆ ಬಾಗಿಲು ತೆಗೆಯಲೂ ಮೈ ಉರಿಯುತ್ತದೆ. ಏನು ಮಾಡಲಿ?

ಇಬಿದುನ್


ಶಾಕಿ
೧೫ ಜೂನ್

ಇಬಿದುನ್,

ಜಿಮೊ ಬಸ್ಸು ಹೊರಡಿಸುತ್ತಿದ್ದಾನೆ, ಉದ್ದ ಬರೆಯಲು ಹೊತ್ತಿಲ್ಲ.

ನಾನು ಮುಂಬಾಗಿಲಿಂದ ಬಂದು ಎಲ್ಲರೆದುರು ಮಂಡಿಯೂರಿದೆ. ಅವಳಿಗೆ ಯಾಕೆ ಹಿಂಬಾಗಿಲು?

ಬಾಗಿಲು ಹಾಕು. ತಲೆ ನೋಡುವುದಿಲ್ಲ ಎನ್ನಬೇಡ. ಜಗಲಿಗೆ ಬನ್ನಿ ಎನ್ನು. ಬೆಂಚು ಎತ್ತಿಕೊಂಡು ಹೋದರೆ ಹೋಗಲಿ. ಇಲ್ಲಿ ಬಡಗಿಯಿದ್ದಾನೆ.

ಅವ್ವ


ಇಬಾದಾನ್
೨೦ ಜುಲೈ

ಅವ್ವಾ,

ನಿನ್ನ ಮಾತಿನಂತೆ ನಡೆದೆ. ಹಿಂಬಾಗಿಲ ಆಚೆ ಅವಳು, ಈಚೆ ನಾನು.

‘ಮುಂದೆ ಬನ್ನಿ ಅಮ್ಮಾ. ಬೆಂಚು ಖಾಲಿ ಇದೆ.’

‘ಬಾಗಿಲು ತೆಗಿಯೇ. ಯಾರಾದ್ರೂ ನೋಡ್ತಾರೆ.’

‘ನೋಡ್ಲಿ ಅಂತಾನೇ ಅಮ್ಮಾ.’

‘ಅಹಂಕಾರ’ ಎಂದು ಗೊಣಗಿಕೊಂಡು ಹೊರಟುಹೋದಳು. ಒಂದು ವಾರ ಬರಲಿಲ್ಲ, ಎರಡು ವಾರ ಬರಲಿಲ್ಲ. ಆ ನವಿರು ಕೂದಲು ಏನಾಯಿತೋ, ಮತ್ತೆ ಯಾರಾದರೂ ಎಳೆದು ಬಿಗಿದರೋ ಎಂದು ನಾನೇ ಒದ್ದಾಡಿದೆ.

ಮೊನ್ನೆ ಗುರುವಾರ ಬಂದಳು, ಮುಂದಿನಿಂದಲೇ. ಒಬ್ಬಳೇ ಅಲ್ಲ, ಸಂಘದ ಹೆಂಗಸರ ಹಿಂಡು ಕಟ್ಟಿಕೊಂಡು. ನಮ್ಮ ಮೇಡಂ ಎಲ್ಲರಿಗಿಂತ ಮುಂದೆ. ‘ಬೆಂಚು ಎತ್ರೇ’ ಎಂದವಳೂ ಅವಳೇ.

ಬೆಂಚಿನ ಮೇಲೆ ರಾಮೊತಾ ಕುಳಿತಿದ್ದಳು, ಅರ್ಧ ತಲೆ ಜಡೆ, ಅರ್ಧ ತಲೆ ಕೆದರು. ‘ಯಾರೇ ಅದು ಎತ್ತೋಳು?’ ಎಂದಳು ಕುಳಿತಲ್ಲಿಂದಲೇ. ‘ತಲೆ ಕೈಯಲ್ಲಿರುವಾಗ ಹೆಣೆಯೋಳ ಮೈ ಮುಟ್ಟಬಾರದು, ಅರ್ಧ ತಲೇಲಿ ಯಾರನ್ನೂ ಬೀದಿಗೆ ಎಬ್ಬಿಸಬಾರದು. ನಿಮ್ಮ ಸಂಘದ್ದೇ ಕಟ್ಟಳೆ. ನಿಮ್ಮ ಕಟ್ಟಳೆ ನಿಮಗೇ ಮರೆತುಹೋಯ್ತಾ?’

ಮರೆತಿರಲಿಲ್ಲ. ಮೇಡಂ ಹಲ್ಲು ಕಡಿದಳು. ಮುಗಿಯುವ ತನಕ ಕಾಯಬೇಕಾಯಿತು.

‘ಸಣ್ಣಗೆ ಹಾಕೇ ಇಬಿದುನ್’ ಎಂದಳು ರಾಮೊತಾ. ‘ಇನ್ನೂ ಸಣ್ಣಗೆ. ಇರುವೆ ಕಾಲಿನಷ್ಟು.’

ನಾನು ಹೆಣೆದೆ. ಅವರು ಬಿಸಿಲಲ್ಲಿ ನಿಂತರು, ಜಗಲಿಯ ನೆರಳಿಗೆ ಸರಿದರು, ಆಮೇಲೆ ಒಬ್ಬೊಬ್ಬರೇ ಕುಳಿತರು. ಹಸಿವಾಗಿ ಅಕಾರಾ ಕೇಳಿದರು. ರಾಮೊತಾ ತಲೆ ಅಲುಗಿಸದೆ ಸೌಟು ಚಾಚಿ ಬುಟ್ಟಿ ತೋರಿಸಿ ‘ದುಡ್ಡು ಡಬ್ಬಿಗೆ ಹಾಕಿ. ಎಷ್ಟು ತಿಂದ್ರಿ ಅಂತ ನನಗೆ ಗೊತ್ತಾಗುತ್ತೆ’ ಎಂದಳು. ತಿನ್ನುತ್ತ ನನ್ನ ಕೈ ನೋಡತೊಡಗಿದರು. ಕಸುಬಿನವರಲ್ಲವೇ, ನೋಡದೆ ಇರಲಾರರು. ‘ಬುಡ ಎಳೀತಾನೇ ಇಲ್ವಲ್ಲೇ ಇವಳು, ನಿಲ್ಲುತ್ತಾ ಅದು?’ ಎಂದು ಒಬ್ಬಳು ಪಕ್ಕದವಳನ್ನು ಕೇಳಿದಳು. ರಾಮೊತಾ ಒಂದು ಜಡೆ ಹಿಡಿದು ಜಗ್ಗಿ ತೋರಿಸಿದಳು.

ಸಂಜೆಯ ಹೊತ್ತಿಗೆ ಕೊನೆಯ ಜಡೆಯೂ ಮುಗಿಯಿತು. ಇನ್ನೂ ಸಣ್ಣಗೆ ಹಾಕಲು ಕೂದಲಿರಲಿಲ್ಲ. ರಾಮೊತಾ ಎದ್ದಳು. ಮೇಡಂ ಬೆಂಚಿನ ಒಂದು ಕಾಲು ಹಿಡಿದಳು.

ಅದರ ಮೇಲೆ ರೆಮಿಯವ್ವ ಬಂದು ಕುಳಿತುಬಿಟ್ಟಳು.

ಯಾರಿಗೂ ಏನೂ ಅರ್ಥವಾಗಲಿಲ್ಲ. ದಣಿದು ಕುಳಿತಳು ಎಂದುಕೊಂಡೆವು. ಅವಳು ತಲೆವಸ್ತ್ರದ ಗಂಟು ಬಿಚ್ಚಿದಳು. ಅಷ್ಟು ಹೆಂಗಸರ ನಡುವೆ, ತುಂಬಿದ ಬೀದಿಯಲ್ಲಿ. ಬೋಳು ಕಂಡಿತು, ಬೋಳಿನ ಮೇಲೆ ಚಿಗುರಿದ್ದೂ ಕಂಡಿತು. ನಮ್ಮ ಮೇಡಂ ‘ಅಯ್ಯೋ ಅಮ್ಮಾ, ಮುಚ್ಕೊಳ್ಳಿ’ ಎಂದಳು.

ನಾನು ಬಾಚಣಿಗೆ ಒರೆಸಿದೆ. ‘ಹೇಗೆ ಹಾಕ್ಲಿ ಅಮ್ಮಾ?’

‘ನಿನಗೆ ಗೊತ್ತಿಲ್ವಾ?’

‘ನನಗೆ ಗೊತ್ತು. ನೀವು ಹೇಳಿ.’

ಬೈದು ಎದ್ದು ಹೋಗುತ್ತಾಳೆ ಎಂದುಕೊಂಡೆ. ಎದುರಿಗೆ ನಿಂತಿದ್ದ ಮೇಡಂ ಮುಖವನ್ನೇ ನೋಡುತ್ತ, ‘ಸಡಿಲವಾಗಿ’ ಎಂದಳು. ‘ಮುಂದಲೆ ಬಿಟ್ಟು.’

ಮೇಡಂ ಬೆಂಚಿನ ಕಾಲು ಬಿಟ್ಟಳು.

ಹಿಂದೆ ಮಾತ್ರ ಕೆಲವು ಜಡೆ ಹಾಕಿದೆ, ಭುಜ ದಾಟದಷ್ಟು ಉದ್ದ, ಹಿಂದೆ ಜಡೆ ಬಿಚ್ಚಿದಾಗ ನಾನು ತೊಳೆದಿಟ್ಟಿದ್ದ ಅವಳದೇ ಹಳೆಯ ಚೌರಿ. ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಬಿಡುಗಡೆಯ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಚೆನ್ನಾಗಿದೆ ಎಂದೂ ಹೇಳಲಿಲ್ಲ. ತಲೆವಸ್ತ್ರವನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡು ಬೀದಿಯುದ್ದಕ್ಕೂ ಹಾಗೆಯೇ ನಡೆದುಹೋದಳು.

ಮರುದಿನ ನಾನು ಬೆಂಚು ಹಾಕುವ ಮೊದಲೇ, ಹಿಂದಿನ ದಿನ ಬಂದಿದ್ದ ಸಂಘದವರಲ್ಲಿ ಇಬ್ಬರು ಜಗಲಿಯ ಮುಂದೆ ನಿಂತಿದ್ದರು. ಎತ್ತಿಕೊಂಡು ಹೋಗಲು ಬಂದರೆಂದು ತಿಳಿದು ಬೆಂಚಿಗೆ ಅಡ್ಡ ನಿಂತೆ. ಇಬ್ಬರೂ ಅತ್ತಿತ್ತ ನೋಡಿದರು. ಆಮೇಲೆ ತಲೆವಸ್ತ್ರ ಬಿಚ್ಚಿದರು.

ಇಬ್ಬರಿಗೂ ಮುಂದಲೆ ಇರಲಿಲ್ಲ.

ನಿನ್ನ ಮಗಳು
ಇಬಿದುನ್